ಕಾರಿನ ಉಷ್ಣಾಂಶ ಮಾಪಕ: ಮುಳ್ಳು ಮೇಲೇರಿದಾಗ ತಿಳಿದಿರಬೇಕಾದ ಸಂಗತಿಗಳು

ಚೆನ್ನೈ ಮಹಾನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಅನೇಕರು ಬೇಸಿಗೆಯ ರಜೆಗೆ ಸ್ವಂತ ಕಾರಿನಲ್ಲಿಯೇ ಊರಿಗೆ ಹೊರಡುತ್ತಾರೆ. ಬೆಂಗಳೂರಿಗೆ ಸುಮಾರು 350 ಕಿ.ಮೀ. ದಾರಿ. ಕೃಷ್ಣಗಿರಿ, ಹೊಸೂರಿನ ಮಾರ್ಗವಾಗಲಿ, ಚಿತ್ತೂರು, ಪಲಮನೇರು, ಮುಳಬಾಗಿಲಿನ ಮಾರ್ಗವಾಗಲಿ, ಕಡಲತೀರದಿಂದ ಸುಮಾರು 900 ಮೀಟರ್ ಎತ್ತರಕ್ಕೆ ಏರಲೇಬೇಕು. ಅಗ್ನಿನಕ್ಷತ್ರದ ಬಿಸಿಲು 40 ಡಿಗ್ರಿ ದಾಟುವುದುಂಟು. ಅದರ ಜೊತೆಗೆ ತುಂಬಿದ ಕಾರು, ಬಿಡುವಿಲ್ಲದೆ ನಡೆಯುವ ಎ.ಸಿ. ಇಂಜಿನ್ನನ್ನು ತಂಪಾಗಿಡುವ ವ್ಯವಸ್ಥೆಗೆ ಇದು ನಿಜವಾದ ಪರೀಕ್ಷೆ.

ಮಾಪಕ ಏನನ್ನು ಹೇಳುತ್ತದೆ?

ಡ್ಯಾಶ್‌ಬೋರ್ಡಿನ ಈ ಮುಳ್ಳು ತೋರಿಸುವುದು ಇಂಜಿನ್ನಿನ ಸುತ್ತ ಹರಿಯುವ ಕೂಲಂಟ್ ದ್ರವದ ಶಾಖವನ್ನು. ‘ಸಿ’ ತಂಪನ್ನೂ ‘ಎಚ್’ ಬಿಸಿಯನ್ನೂ ಸೂಚಿಸುತ್ತವೆ. ದ್ರವವು ಸುಮಾರು 85 ಡಿಗ್ರಿಗೆ ಬಂದಾಗ ಥರ್ಮೋಸ್ಟಾಟ್ ಎಂಬ ಕವಾಟ ತೆರೆದು ಅದನ್ನು ರೇಡಿಯೇಟರಿಗೆ ಬಿಡುತ್ತದೆ. 95ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ ವಿದ್ಯುತ್ ಫ್ಯಾನ್ ತಿರುಗತೊಡಗುತ್ತದೆ. ಪ್ರೆಷರ್ ಕುಕ್ಕರಿನಂತೆ ಇಲ್ಲಿಯೂ ಒತ್ತಡವಿರುವುದರಿಂದ 100 ಡಿಗ್ರಿಯಲ್ಲಿಯೂ ದ್ರವ ಕುದಿಯುವುದಿಲ್ಲ.

ಇತ್ತೀಚಿನ ಹಲವು ಕಾರುಗಳಲ್ಲಿ ಶಾಖ ತುಸು ಹೆಚ್ಚುಕಡಿಮೆಯಾದರೂ ಮುಳ್ಳು ನಡುವೆಯೇ ನಿಲ್ಲುವಂತೆ ರೂಪಿಸಲಾಗಿದೆ. ಆದ್ದರಿಂದ ಮುಳ್ಳು ನಡುಭಾಗವನ್ನು ಬಿಟ್ಟು ಮೇಲೇರಿತೆಂದರೆ ಅದು ಮೊದಲ ಸೂಚನೆಯಲ್ಲ, ತಡವಾಗಿ ಬಂದ ಸೂಚನೆ. ಕೆಲವು ಸಣ್ಣ ಕಾರುಗಳಲ್ಲಿ ಮಾಪಕವೇ ಇಲ್ಲ. ನೀಲಿ ದೀಪ ತಂಪನ್ನೂ ಕೆಂಪು ದೀಪ ಅಪಾಯವನ್ನೂ ಸೂಚಿಸುತ್ತವೆ. ಕೆಂಪು ದೀಪ ಕಂಡೊಡನೆ ನಿಲ್ಲಿಸುವುದೊಂದೇ ಮಾರ್ಗ.

ಯಾವಾಗ ಏರಿತು ಎಂಬುದರಲ್ಲಿಯೇ ಕಾರಣವಿದೆ

1. ವಾಹನದಟ್ಟಣೆಯಲ್ಲಿ ನಿಂತಾಗ ಏರಿ, ಓಡುವಾಗ ಇಳಿದರೆ: ಫ್ಯಾನ್, ಅದರ ಫ್ಯೂಸ್ ಅಥವಾ ರಿಲೇ ಕೆಟ್ಟಿರುವ ಸಂಭವ ಹೆಚ್ಚು. ಬಹುತೇಕ ಕಾರುಗಳಲ್ಲಿ ಎ.ಸಿ. ಹಾಕಿದಾಗ ಫ್ಯಾನ್ ತಿರುಗಬೇಕು. ಅದರ ಸದ್ದಿನಿಂದಲೇ ಪರೀಕ್ಷಿಸಬಹುದು.

2. ಏರುದಾರಿಯಲ್ಲಿ ಅಥವಾ ವೇಗದಲ್ಲಿ ಏರಿದರೆ: ಕೂಲಂಟ್ ಕಡಿಮೆಯಾಗಿರಬಹುದು, ವಾಟರ್ ಪಂಪ್ ಸವೆದಿರಬಹುದು, ಇಲ್ಲವೇ ರೇಡಿಯೇಟರ್ ಕಟ್ಟಿಕೊಂಡಿರಬಹುದು. ಚೆನ್ನೈನ ಅನೇಕ ಬಡಾವಣೆಗಳ ಬೋರ್‌ವೆಲ್ ನೀರು ಗಡಸು. ಅದನ್ನೇ ತುಂಬುತ್ತ ಬಂದರೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವಂತೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ.

3. ಹೊರಟ ಕೆಲವೇ ನಿಮಿಷಗಳಲ್ಲಿ ಏರಿದರೆ: ಥರ್ಮೋಸ್ಟಾಟ್ ಮುಚ್ಚಿದಂತೆಯೇ ಸಿಕ್ಕಿಕೊಂಡಿರಬಹುದು, ಅಥವಾ ಕೂಲಂಟ್ ಬಹುಪಾಲು ಸೋರಿಹೋಗಿರಬಹುದು.

4. ಮೇಲೇರಿದ ಮುಳ್ಳು ತಟ್ಟನೆ ‘ಸಿ’ಗೆ ಇಳಿದರೆ: ಇದು ಸಮಾಧಾನದ ವಿಷಯವಲ್ಲ. ದ್ರವವೆಲ್ಲ ಖಾಲಿಯಾಗಿ, ಶಾಖವನ್ನು ಅಳೆಯುವ ಸೆನ್ಸರ್ ಬರಿಯ ಗಾಳಿಯಲ್ಲಿ ಉಳಿದಿರಬಹುದು. ಕೂಡಲೇ ನಿಲ್ಲಿಸಬೇಕು.

5. ಸೋರಿಕೆ ಕಾಣದಿದ್ದರೂ ಕೂಲಂಟ್ ಪದೇ ಪದೇ ಇಳಿದರೆ: ಹೊಗೆಕೊಳವೆಯಿಂದ ಸಿಹಿವಾಸನೆಯ ಬಿಳಿಹೊಗೆ ಬರುವುದು, ಇಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗುವುದು ಹೆಡ್ ಗ್ಯಾಸ್ಕೆಟ್ ಕೆಟ್ಟಿರುವುದರ ಲಕ್ಷಣಗಳು. ಇಂಥ ಕಾರನ್ನು ಓಡಿಸದೆ ಮೆಕ್ಯಾನಿಕ್‌ಗೆ ಒಪ್ಪಿಸುವುದು ಉಚಿತ.

ದಾರಿಯಲ್ಲಿ ಮಾಡಬೇಕಾದುದು

ಮೊದಲು ಎ.ಸಿ. ಆರಿಸಿ, ಹೀಟರನ್ನು ಪೂರ್ಣವಾಗಿ ಹಾಕಿ. ಸೆಕೆಯಾದರೂ ಇಂಜಿನ್ನಿನ ಶಾಖ ಸ್ವಲ್ಪ ಹೊರಬರುತ್ತದೆ. ಸುರಕ್ಷಿತವಾದ ಮೊದಲ ಸ್ಥಳದಲ್ಲಿ, ರಸ್ತೆಯ ಅಂಚಿಗೆ ಸರಿದು ನಿಲ್ಲಿಸಿ ಇಂಜಿನ್ ಆರಿಸಿರಿ. ಮಕ್ಕಳನ್ನೂ ಹಿರಿಯರನ್ನೂ ವಾಹನಗಳಿಂದ ದೂರ, ನೆರಳಿನಲ್ಲಿ ಕೂರಿಸಿರಿ.

ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡ ಇಳಿಯದ ಕುಕ್ಕರನ್ನು ತೆರೆದಂತೆ, ಕುದಿಯುವ ದ್ರವ ಮುಖಕ್ಕೆ, ಕೈಗೆ ಎರಚುತ್ತದೆ. ಕನಿಷ್ಠ ಅರ್ಧ ಗಂಟೆ, ಬೇಕಾದರೆ ಇನ್ನೂ ಹೆಚ್ಚು ಕಾಯಿರಿ. ಇಂಜಿನ್ ಆರಿದ್ದರೂ ಫ್ಯಾನ್ ತಾನಾಗಿ ತಿರುಗಬಹುದಾದ್ದರಿಂದ ಅದರ ಬಳಿ ಕೈ ಹಾಕಬೇಡಿ. ಪೂರ್ತಿ ತಣಿದ ಮೇಲೆ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ನಿಧಾನವಾಗಿ ತೆರೆಯಿರಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. ಕೂಲಂಟ್ ಸಿಗದಿದ್ದರೆ ಕುಡಿಯುವ ನೀರನ್ನು ಹಾಕಿ ಸಮೀಪದ ಗ್ಯಾರೇಜನ್ನು ತಲಪಬಹುದು. ಆದರೆ ಅದು ತಾತ್ಕಾಲಿಕ ಉಪಾಯ ಮಾತ್ರ. ಮುಳ್ಳು ಮತ್ತೆ ಏರಿದರೆ ವಾಹನವನ್ನು ಎಳೆಸಿಕೊಂಡು ಹೋಗುವುದೇ ಲೇಸು.

ಹೊರಡುವ ಮುನ್ನ

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಬಾನೆಟ್ ತೆರೆದು, ಕೂಲಂಟ್ ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ದ್ರವವಿದೆಯೇ ನೋಡಿರಿ. ರಬ್ಬರ್ ಕೊಳವೆಗಳು ಉಬ್ಬಿದ್ದರೆ ಅಥವಾ ಬಿರಿದಿದ್ದರೆ ಬದಲಾಯಿಸಿರಿ. ಕಾರಿನ ಕೈಪಿಡಿ ಸೂಚಿಸಿದ ಕೂಲಂಟನ್ನು, ಬೆರೆಸಬೇಕಾದ ಬಗೆಯದಾದರೆ ಡಿಸ್ಟಿಲ್ಡ್ ವಾಟರ್‌ನೊಂದಿಗೆ, ಸೂಚಿತ ಅವಧಿಗೆ ಬದಲಿಸಿರಿ.

“ಇನ್ನು ಹತ್ತೇ ಕಿಲೋಮೀಟರ್, ಹೊಸೂರು ಬಂದೇ ಬಿಟ್ಟಿತು” ಎಂದು ಮುಂದುವರಿಸುವುದರಲ್ಲಿಯೇ ಹೆಚ್ಚಿನ ಹಾನಿಯಾಗುತ್ತದೆ. ಆ ಹತ್ತು ಕಿಲೋಮೀಟರಿನಲ್ಲಿ ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು, ಇಂಜಿನ್ನೇ ಹಾಳಾಗಬಹುದು. ಊರಿಗೆ ಒಂದು ಗಂಟೆ ತಡವಾಗಿ ತಲಪುವುದರಿಂದ ನಷ್ಟವೇನೂ ಇಲ್ಲ.