ಶಂತನುವಿನ ಮೈಗಂಧ

ಒಂದು ಸಂಜೆ ಮನೆಯಲ್ಲಿ ಭಾರತದ ಆದಿಪರ್ವವನ್ನು ಓದಿ ಹೇಳುತ್ತಿದ್ದೆ. ಯಮುನೆಯ ತೀರದಲ್ಲಿ ಎಲ್ಲಿಂದಲೋ ತೇಲಿಬಂದ ಪರಿಮಳದ ಜಾಡು ಹಿಡಿದು ಶಂತನು ಮಹಾರಾಜ ಹೊರಟ. ಹೋಗಿ ನೋಡಿದರೆ ಬೆಸ್ತರ ಹುಡುಗಿ ಸತ್ಯವತಿ. ಹಿಂದೆ ಮೀನಿನ ನಾತದವಳು, ಪರಾಶರರ ವರದಿಂದ ಯೋಜನಗಂಧಿಯಾದವಳು. ಮೊರದಲ್ಲಿ ಅಕ್ಕಿ ಆರಿಸುತ್ತ ಕೇಳುತ್ತಿದ್ದ ನನ್ನಾಕೆ ತಲೆಯೆತ್ತಿ, “ಅದು ಸರಿ ಅನ್ನಿ. ಕಾಡು ಸುತ್ತಿ ಬೆವೆತು ಬಂದ ಆ ರಾಯನ ಮೈ ಹೇಗೆ ನಾರುತ್ತಿತ್ತು ಅಂತ ಯಾರಾದರೂ ಬರೆದಿದ್ದಾರೆಯೆ?” ಎಂದಳು.

ಉತ್ತರ ಹೊಳೆಯಲಿಲ್ಲ. ಅಟ್ಟದ ಪುಸ್ತಕಗಳನ್ನು ಇಳಿಸಿದೆ.

ಗಂಧದ ವಿಚಾರ ಬಲ್ಲವರಿಗೆ ನಮ್ಮಲ್ಲಿ ಕೊರತೆಯಿರಲಿಲ್ಲ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಚಾಳುಕ್ಯರ ರಾಜಧಾನಿ ಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ 1130ರ ಸುಮಾರಿಗೆ ಹುಟ್ಟಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಅದರ ನೂರು ಅಧ್ಯಾಯಗಳಲ್ಲಿ ಇಪ್ಪತ್ತು ಅರಸನ ಭೋಗಗಳಿಗೇ ಮೀಸಲು: ಸ್ನಾನಕ್ಕೊಂದು, ತಾಂಬೂಲಕ್ಕೊಂದು, ಮೈಗೆ ಬಳಿಯುವ ವಿಲೇಪನಕ್ಕೊಂದು, ಹೂಮಾಲೆಗೊಂದು. ಕೊನೆಯಲ್ಲಿ ಧೂಪಭೋಗ, ಅದರ ಬೆನ್ನಿಗೇ ಹೆಂಗಸರ ಪ್ರಕರಣ. ಈ ಕ್ರಮ ಆಕಸ್ಮಿಕವೆಂದು ನಾನು ನಂಬಲಾರೆ. ಧೂಪ ಹಾಕಿ ಕೋಣೆ ಸಜ್ಜಾದ ಮೇಲೆ ತಾನೆ ಅಂತಃಪುರದ ಬಾಗಿಲು ತೆರೆಯುವುದು!

ಹದಿನೈದನೆಯ ಶತಮಾನದ ಕಲ್ಲರಸ, ಕೊಕ್ಕೋಕನ ‘ರತಿರಹಸ್ಯ’ವನ್ನು ಅನುಸರಿಸಿ ಕನ್ನಡದಲ್ಲಿ ‘ಜನವಶ್ಯ’ವನ್ನು ಬರೆದ. ಆ ಪರಂಪರೆಯಲ್ಲಿ ಹೆಣ್ಣಿಗೆ ನಾಲ್ಕು ಜಾತಿ. ಪದ್ಮಿನಿಗೆ ತಾವರೆಯ ಕಂಪು, ಹಸ್ತಿನಿಗೆ ಆನೆಯ ಮದದ ವಾಸನೆ. ಜಾತ್ರೆಯಲ್ಲಿ ಎತ್ತಿನ ಹಲ್ಲೆಣಿಸಿದ ಹಾಗೆ! ಬರೆದವರು ಗಂಡಸರು, ಮೂಸಿದ ಮೂಗೂ ಅವರದೇ. ಹೆಣ್ಣಿನ ಮೂಗಿಗೆ ಯಾವುದು ಹಿತವೆಂದು ಕೇಳಿದವರು ನಾನು ತೆರೆದ ಪುಟಗಳಲ್ಲಿ ಸಿಕ್ಕಲಿಲ್ಲ.

ಸಿಕ್ಕಿದ್ದು ಬಹಳ ದೂರದಲ್ಲಿ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಕ್ಲಾಸ್ ವೆಡೆಕಿಂಡ್ ಮತ್ತು ಸಂಗಡಿಗರು 44 ಮಂದಿ ಹುಡುಗರಿಗೆ ಎರಡು ರಾತ್ರಿ ಒಂದೇ ಹತ್ತಿಯಂಗಿ ತೊಟ್ಟು ಮಲಗಲು ಹೇಳಿದರು, ಸೆಂಟು ಕೂಡದು. ಆ ಅಂಗಿಗಳನ್ನು ಪೆಟ್ಟಿಗೆಗಳಲ್ಲಿಟ್ಟು 49 ಹುಡುಗಿಯರಿಗೆ ಮೂಸಲು ಕೊಟ್ಟರು. 1995ರಲ್ಲಿ ಫಲಿತಾಂಶ ಅಚ್ಚಾಯಿತು. ದೇಹದ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ವಂಶವಾಹಿಗಳು ಯಾರಲ್ಲಿ ತಮ್ಮವಕ್ಕಿಂತ ಭಿನ್ನವಾಗಿದ್ದುವೋ ಅಂಥವರ ಅಂಗಿಯೇ ಹುಡುಗಿಯರಿಗೆ ಹೆಚ್ಚು ಹಿತವೆನಿಸಿತು. ಆ ವಾಸನೆ ತಮ್ಮ ಪ್ರಿಯಕರನ ನೆನಪು ತಂದಿತೆಂದು ಹೇಳಿದವರೂ ಉಂಟು. ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದವರಲ್ಲಿ ಮಾತ್ರ ಎಲ್ಲವೂ ತಿರುವುಮುರುವು. ಮುಂದಿನ ಪರೀಕ್ಷೆಗಳೆಲ್ಲ ಇದನ್ನೇ ನುಡಿಯಲಿಲ್ಲ. ಆದ್ದರಿಂದ ತೀರ್ಪು ಕೊಡುವ ಅವಸರ ನನಗಿಲ್ಲ. ಕೇಳಿದರಲ್ಲ, ಅದು ದೊಡ್ಡದು.

ರೇಷ್ಮೆ ಚಿಟ್ಟೆಗೆ ಈ ಗೊಂದಲವಿಲ್ಲ. ಹೆಣ್ಣು ಗೂಡೊಡೆದು ಬಂದರೆ ಗಂಡು ರೆಕ್ಕೆ ಬಡಿಯುತ್ತ ಅತ್ತಲೇ ಸರಿಯುವುದನ್ನು ನಮ್ಮ ರೇಷ್ಮೆ ಸೀಮೆಯವರು ಬಲ್ಲರು. ಆ ಸೆಳೆತದ ಸತ್ವವನ್ನು ಜರ್ಮನಿಯ ಬುಟೆನಾಂಟ್ 1959ರಲ್ಲಿ ಪ್ರಕಟಿಸಿದ. ಕೆಲವೇ ಮಿಲಿಗ್ರಾಮಿಗೆ ಸುಮಾರು ಐದು ಲಕ್ಷ ಚಿಟ್ಟೆ ಬೇಕಾದುವು. ಮನುಷ್ಯರಲ್ಲಿ ಅಂಥ ವಸ್ತುವೊಂದಿದೆಯೆಂದು ಇನ್ನೂ ಸಿದ್ಧವಾಗಿಲ್ಲ. ವಶೀಕರಣದ ಸೆಂಟು ಮಾರುವವರ ಮಾತು ಅವರಿಗೇ ಇರಲಿ.

ಇದಿಷ್ಟನ್ನೂ ಮನೆಯಲ್ಲಿ ಒಪ್ಪಿಸಿದೆ. ನನ್ನ ಅಂಗಿಯ ವಿಷಯ ಕೇಳಲು ಧೈರ್ಯ ಸಾಲಲಿಲ್ಲ. ಅವಳು ತಾನಾಗಿಯೇ, “ನೀವು ಪರಸ್ಥಳಕ್ಕೆ ಹೋದಾಗ ನೀವು ಬಿಟ್ಟುಹೋದ ಅಂಗಿಯನ್ನು ಬರುವ ತನಕ ಒಗೆಯಲು ಹಾಕುವುದಿಲ್ಲ. ಗೊತ್ತಿತ್ತೆ?” ಎಂದು ಮೊರ ಕೊಡವಿ ಒಳಗೆ ಹೋದಳು.