ಟಿವಿ, ಟೇಪ್‌ರೆಕಾರ್ಡರ್ ಇದ್ದರೆ ಸಾಕಿತ್ತು: ಪುಣೆಯಿಂದ ಮಾರಾಟವಾದ ಮನೆ ಕಂಪ್ಯೂಟರ್, ಅದರ ಹಿಂದಿನ ಸಿಂಕ್ಲೇರ್ ಕಂಪನಿಯ ಏಳುಬೀಳು

ಪುಣೆ: ಹಡಪ್ಸರ್‌ಗೆ ಹೊಂದಿಕೊಂಡಿರುವ ಮಗರಪಟ್ಟಾ ಸಿಟಿ ಇಂದು ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳಿಗೆ ಹೆಸರುವಾಸಿ. ಕರ್ನಾಟಕದಿಂದ ಹೋದ ಎಂಜಿನಿಯರ್‌ಗಳಿಗೂ ಇದು ಪರಿಚಿತ ವಿಳಾಸ. ಆದರೆ 1980ರ ದಶಕದಲ್ಲಿ ಇಲ್ಲಿ ಇದ್ದದ್ದು ಕಬ್ಬಿನ ಗದ್ದೆ. ಸುಮಾರು 120 ರೈತ ಕುಟುಂಬಗಳು ಸತೀಶ್ ಮಗರ್ ಅವರ ಮುಂದಾಳತ್ವದಲ್ಲಿ ತಮ್ಮ 400ಕ್ಕೂ ಹೆಚ್ಚು ಎಕರೆ ಜಮೀನನ್ನು ಒಟ್ಟುಗೂಡಿಸಿ ಇಲ್ಲಿ ನಗರ ಕಟ್ಟಲು ಹೊರಟಿದ್ದು 2000ದ ಆಸುಪಾಸಿನಲ್ಲಿ.

ಪುಣೆಗೂ ಕಂಪ್ಯೂಟರ್‌ಗೂ ಇರುವ ನಂಟು ಈ ಕಟ್ಟಡಗಳಿಗಿಂತ ಹಳೆಯದು. ಮಗರಪಟ್ಟಾದಲ್ಲಿ ಇನ್ನೂ ಕಬ್ಬು ಬೆಳೆಯುತ್ತಿದ್ದ ಕಾಲದಲ್ಲೇ ಪುಣೆಯ ಡೆಸಿ ಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಎಂಬ ಮನೆ ಕಂಪ್ಯೂಟರನ್ನು ಭಾರತದ ಮಾರುಕಟ್ಟೆಗೆ ತಂದಿತ್ತು. ಮಾನಿಟರ್ ಬೇಡ, ಡಿಸ್ಕ್ ಬೇಡ. ಮನೆಯ ಟಿವಿ ಮತ್ತು ಹಾಡು ಕೇಳುವ ಟೇಪ್‌ರೆಕಾರ್ಡರ್ ಇದ್ದರೆ ಸಾಕಿತ್ತು. ಆ ಯಂತ್ರದ ಮೂಲ ಬ್ರಿಟನ್ನಿನ ಸಿಂಕ್ಲೇರ್ ರಿಸರ್ಚ್. ಮನೆಗೊಂದು ಕಂಪ್ಯೂಟರ್ ಎಂಬ ಕಲ್ಪನೆಯನ್ನು ಬ್ರಿಟನ್ನಿನಲ್ಲಿ ನಿಜ ಮಾಡಿ, ಆರೇ ವರ್ಷದಲ್ಲಿ ಕಂಪ್ಯೂಟರ್ ವ್ಯವಹಾರವನ್ನೇ ಮಾರಿಕೊಂಡ ಕಂಪನಿ ಇದು.

ರೇಡಿಯೋ ಕಿಟ್‌ನಿಂದ ಶುರುವಾದ ಪಯಣ

ಈ ಕಂಪನಿಯ ಹಿಂದಿದ್ದವರು ಕ್ಲೈವ್ ಸಿಂಕ್ಲೇರ್. 1940ರಲ್ಲಿ ಹುಟ್ಟಿದ ಇವರು ಕಾಲೇಜು ಮೆಟ್ಟಿಲು ಹತ್ತದೆ ಎಲೆಕ್ಟ್ರಾನಿಕ್ಸ್ ಪತ್ರಿಕೆಗಳಿಗೆ ಬರೆಯುತ್ತಿದ್ದರು. 1961ರಲ್ಲಿ ಸಿಂಕ್ಲೇರ್ ರೇಡಿಯೋನಿಕ್ಸ್ ಆರಂಭಿಸಿ ಪುಟ್ಟ ರೇಡಿಯೋ, ಆಂಪ್ಲಿಫೈಯರ್ ಕಿಟ್‌ಗಳನ್ನು ಅಂಚೆ ಮೂಲಕ ಮಾರಿದರು. 1972ರಲ್ಲಿ ಬಂದ ಇವರ ತೆಳ್ಳನೆಯ 'ಎಕ್ಸಿಕ್ಯೂಟಿವ್' ಕ್ಯಾಲ್ಕುಲೇಟರ್ ಹೆಸರು ಮಾಡಿತು. 1975ರ 'ಬ್ಲ್ಯಾಕ್ ವಾಚ್' ಎಂಬ ಡಿಜಿಟಲ್ ಕೈಗಡಿಯಾರ ಮಾತ್ರ ಕೈಕೊಟ್ಟಿತು. ಕೆಟ್ಟು ವಾಪಸು ಬಂದ ಗಡಿಯಾರಗಳ ರಾಶಿ ಕಂಪನಿಯನ್ನು ಸಾಲಕ್ಕೆ ನೂಕಿತು.

ಸಣ್ಣದಾಗಿ ಮಾಡು, ಅಗ್ಗವಾಗಿ ಮಾರು, ಎಲ್ಲರಿಗಿಂತ ಮೊದಲು ಜಾಹೀರಾತು ಕೊಡು. ಇದು ಸಿಂಕ್ಲೇರ್ ಸೂತ್ರ. ಅವರ ಗೆಲುವು ಮತ್ತು ಸೋಲು ಎರಡಕ್ಕೂ ಇದೇ ಕಾರಣವಾಯಿತು.

100 ಪೌಂಡ್ ಒಳಗಿನ ಕಂಪ್ಯೂಟರ್

1980ರಲ್ಲಿ ಬಂದ 'ಝಡ್ಎಕ್ಸ್80' ಬೆಲೆ ಜೋಡಿಸಿದ್ದಕ್ಕೆ 99.95 ಪೌಂಡ್, ಬಿಡಿಭಾಗದ ಕಿಟ್‌ಗೆ 79.95 ಪೌಂಡ್. ಅಮೆರಿಕದ ಆಪಲ್ ಕಂಪ್ಯೂಟರ್‌ಗಳು ಇದರ ಹಲವು ಪಟ್ಟು ದುಬಾರಿಯಾಗಿದ್ದ ಕಾಲವದು. ಇಷ್ಟು ಅಗ್ಗವಾಗಲು ಕಾರಣ, ಏನೇನು ಬಿಟ್ಟುಬಿಡಬಹುದು ಎಂಬ ಲೆಕ್ಕಾಚಾರ. ಪರದೆಯ ಮೇಲೆ ಚಿತ್ರ ಮೂಡಿಸಲು ಪ್ರತ್ಯೇಕ ಚಿಪ್ ಹಾಕದೆ ಆ ಕೆಲಸವನ್ನೂ ಪ್ರೊಸೆಸರ್‌ಗೇ ವಹಿಸಲಾಗಿತ್ತು. ಹಾಗಾಗಿ ಕಂಪ್ಯೂಟರ್ ಲೆಕ್ಕ ಮಾಡುವಾಗ ಟಿವಿ ಪರದೆ ಖಾಲಿಯಾಗುತ್ತಿತ್ತು. ಕೀಲಿ ಒತ್ತಿದಾಗಲೆಲ್ಲ ಚಿತ್ರ ಮಿನುಗುತ್ತಿತ್ತು.

ಮರುವರ್ಷವೇ 'ಝಡ್ಎಕ್ಸ್81' ಬಂತು. ಹಳೆಯ ಮಾದರಿಯಲ್ಲಿದ್ದ 21 ಚಿಪ್‌ಗಳ ಜಾಗದಲ್ಲಿ ಇದರಲ್ಲಿ ಇದ್ದದ್ದು ನಾಲ್ಕೇ ಮುಖ್ಯ ಚಿಪ್. ಹಲವು ಸರ್ಕ್ಯೂಟ್‌ಗಳ ಕೆಲಸವನ್ನು ಫೆರಾಂಟಿ ಕಂಪನಿಯ ಒಂದೇ ಚಿಪ್‌ಗೆ ತುಂಬಲಾಗಿತ್ತು. ಜೋಡಿಸಿದ ಯಂತ್ರದ ಬೆಲೆ 69.95 ಪೌಂಡ್‌ಗೆ ಇಳಿಯಿತು. ಮೆಮೊರಿ ಕೇವಲ 1 ಕಿಲೋಬೈಟ್. ಅಂದರೆ ಈ ಲೇಖನದ ಒಂದು ಪ್ಯಾರಾ ಕೂಡ ಅದರಲ್ಲಿ ಪೂರ್ತಿ ಹಿಡಿಸುವುದು ಕಷ್ಟ. ಆದರೂ 10 ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದವು. ಸ್ಕಾಟ್ಲೆಂಡಿನ ಡಂಡಿಯಲ್ಲಿದ್ದ ಟೈಮೆಕ್ಸ್ ಕೈಗಡಿಯಾರ ಕಾರ್ಖಾನೆಯಲ್ಲಿ ಇವು ತಯಾರಾಗುತ್ತಿದ್ದವು.

ಮನೆಮಾತಾದ ಸ್ಪೆಕ್ಟ್ರಮ್

1982ರ ಏಪ್ರಿಲ್ 23ರಂದು 'ಝಡ್ಎಕ್ಸ್ ಸ್ಪೆಕ್ಟ್ರಮ್' ಬಿಡುಗಡೆಯಾಯಿತು. 16 ಕಿಲೋಬೈಟ್ ಮಾದರಿಗೆ 125 ಪೌಂಡ್, 48 ಕಿಲೋಬೈಟ್ ಮಾದರಿಗೆ 175 ಪೌಂಡ್. ಹಾರ್ಡ್‌ವೇರ್ ರೂಪಿಸಿದವರು ರಿಚರ್ಡ್ ಆಲ್ಟ್‌ವಾಸರ್. ರಬ್ಬರ್ ಕೀಲಿಗಳ ಕಪ್ಪು ಪೆಟ್ಟಿಗೆಗೆ ಆಕಾರ ಕೊಟ್ಟವರು ರಿಕ್ ಡಿಕಿನ್ಸನ್.

ಈ ಯಂತ್ರ ಬಣ್ಣ ತೋರಿಸುತ್ತಿತ್ತು, ಅದರಲ್ಲೂ ಒಂದು ಉಳಿತಾಯದ ಉಪಾಯವಿತ್ತು. ಪರದೆಯನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕಗಳಾಗಿ ವಿಂಗಡಿಸಿ, ಒಂದು ಚೌಕಕ್ಕೆ ಎರಡೇ ಬಣ್ಣ ಎಂದು ಮಿತಿ ಹಾಕಲಾಗಿತ್ತು. ಇದರಿಂದ ಮೆಮೊರಿ ಉಳಿಯಿತು. ಆದರೆ ಆಟದ ಬೊಂಬೆ ಗೋಡೆಯ ಪಕ್ಕ ಹೋದರೆ ಗೋಡೆಯ ಬಣ್ಣ ಬೊಂಬೆಗೂ ಮೆತ್ತಿಕೊಳ್ಳುತ್ತಿತ್ತು.

ಸ್ವಿಚ್ ಹಾಕಿದರೆ ಇಂದಿನ ಮೊಬೈಲ್‌ನಂತೆ ಆ್ಯಪ್‌ಗಳ ಸಾಲು ಕಾಣುತ್ತಿರಲಿಲ್ಲ. ಬೇಸಿಕ್ ಭಾಷೆಯಲ್ಲಿ ಏನಾದರೂ ಟೈಪ್ ಮಾಡಿದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಸಿದ್ಧ ಆಟ ಬೇಕೆಂದರೆ ಕ್ಯಾಸೆಟ್ ಹಾಕಿ, ಕಿರ್ರೆನ್ನುವ ಸದ್ದು ಕೇಳುತ್ತಾ ನಿಮಿಷಗಟ್ಟಲೆ ಕಾಯಬೇಕಿತ್ತು. ದುಡ್ಡಿಲ್ಲದವರು ಪತ್ರಿಕೆಗಳಲ್ಲಿ ಅಚ್ಚಾದ ಪ್ರೋಗ್ರಾಂಗಳನ್ನು ಸಾಲು ಸಾಲಾಗಿ ಟೈಪ್ ಮಾಡುತ್ತಿದ್ದರು. ಒಂದು ಅಲ್ಪವಿರಾಮ ತಪ್ಪಿದರೂ ಹುಡುಕಿ ತಿದ್ದಬೇಕು. ಬ್ರಿಟನ್ನಿನ ಒಂದು ತಲೆಮಾರು ಹೀಗೆಯೇ ಪ್ರೋಗ್ರಾಮಿಂಗ್ ಕಲಿಯಿತು. ಮ್ಯಾಥ್ಯೂ ಸ್ಮಿತ್ ಎಂಬ ಹದಿಹರೆಯದ ಹುಡುಗ 1983ರಲ್ಲಿ ಬರೆದ 'ಮ್ಯಾನಿಕ್ ಮೈನರ್' ಆಟ ದೇಶದಲ್ಲೆಲ್ಲ ಮಾತಾಯಿತು. ಅದೇ ವರ್ಷ ಸಿಂಕ್ಲೇರ್ ಅವರಿಗೆ 'ಸರ್' ಪದವಿಯೂ ಸಿಕ್ಕಿತು.

ಅಷ್ಟು ಬೇಗ ಎಡವಿದ್ದೆಲ್ಲಿ?

1984ರ ಜನವರಿಯಲ್ಲಿ ಕಚೇರಿ ಬಳಕೆಗೆಂದು 399 ಪೌಂಡಿನ 'ಕ್ಯೂಎಲ್' ಕಂಪ್ಯೂಟರನ್ನು ಸಿಂಕ್ಲೇರ್ ಘೋಷಿಸಿದರು. ಯಂತ್ರ ಇನ್ನೂ ಸಿದ್ಧವಾಗಿರಲಿಲ್ಲ. ಹಣ ಕಟ್ಟಿದವರು ತಿಂಗಳುಗಟ್ಟಲೆ ಕಾದರು. ಕೈಗೆ ಬಂದ ಮೊದಲ ಯಂತ್ರಗಳಲ್ಲಿ ದೋಷಗಳಿದ್ದವು. ಡಿಸ್ಕ್ ಬದಲು ಬಳಸಿದ 'ಮೈಕ್ರೋಡ್ರೈವ್' ಎಂಬ ಪುಟ್ಟ ಟೇಪ್ ಅಗ್ಗವಾಗಿತ್ತು, ಆದರೆ ಅದನ್ನು ನಂಬುವಂತಿರಲಿಲ್ಲ.

1985ರ ಜನವರಿಯಲ್ಲಿ ಇನ್ನೊಂದು ಕಂಪನಿಯ ಮೂಲಕ 'ಸಿ5' ಎಂಬ ಮೂರು ಚಕ್ರದ ಬ್ಯಾಟರಿ ವಾಹನ ಬಂತು. ಬ್ರಿಟನ್ನಿನ ಕೊರೆಯುವ ಚಳಿಯಲ್ಲಿ, ಮೇಲ್ಛಾವಣಿಯಿಲ್ಲದ, ನೆಲಕ್ಕೆ ತಾಗುವಂತಿದ್ದ ವಾಹನವನ್ನು ಜನ ನಗೆಪಾಟಲು ಮಾಡಿದರು. ಅದೇ ಹೊತ್ತಿಗೆ ಮನೆ ಕಂಪ್ಯೂಟರ್‌ಗಳ ಬೇಡಿಕೆ ತಗ್ಗಿ ಗೋದಾಮಿನಲ್ಲಿ ಸರಕು ಉಳಿಯಿತು. ಪತ್ರಿಕಾ ಉದ್ಯಮಿ ರಾಬರ್ಟ್ ಮ್ಯಾಕ್ಸ್‌ವೆಲ್ ಕಂಪನಿ ಕೊಳ್ಳಲು ಮುಂದೆ ಬಂದು ಹಿಂದೆ ಸರಿದರು. ಕೊನೆಗೆ 1986ರ ಏಪ್ರಿಲ್‌ನಲ್ಲಿ ಕಂಪ್ಯೂಟರ್ ವ್ಯವಹಾರ ಮತ್ತು ಬ್ರ್ಯಾಂಡ್ ಹೆಸರು ಆಲನ್ ಶುಗರ್ ಅವರ ಆಮ್‌ಸ್ಟ್ರಾಡ್ ಕಂಪನಿಗೆ 50 ಲಕ್ಷ ಪೌಂಡ್‌ಗೆ ಮಾರಾಟವಾದವು. ಆಮ್‌ಸ್ಟ್ರಾಡ್ 1990ರ ದಶಕದ ಆರಂಭದವರೆಗೆ ಸ್ಪೆಕ್ಟ್ರಮ್ ತಯಾರಿಸಿತು. ಆರಂಭದಿಂದ ಲೆಕ್ಕ ಹಾಕಿದರೆ ಒಟ್ಟು ಮಾರಾಟ 50 ಲಕ್ಷಕ್ಕೂ ಹೆಚ್ಚು.

ಭಾರತಕ್ಕೆ ತಡವಾಗಿ ಬಂದಿದ್ದೇಕೆ?

ಬ್ರಿಟನ್ನಿನ ಮಕ್ಕಳು ಮನೆಯಲ್ಲೇ ಪ್ರೋಗ್ರಾಂ ಬರೆಯುತ್ತಿದ್ದಾಗ ಭಾರತದಲ್ಲಿ ಕಂಪ್ಯೂಟರ್ ಕಂಪನಿಗಳಿಗೇ ಕಂಪ್ಯೂಟರ್ ಸಿಗುತ್ತಿರಲಿಲ್ಲ. ಇದಕ್ಕೆ ಉದಾಹರಣೆಯೂ ಪುಣೆಯಲ್ಲೇ ಇದೆ. ಶಿಡ್ಲಘಟ್ಟ ಮೂಲದ ಎನ್.ಆರ್. ನಾರಾಯಣ ಮೂರ್ತಿ ಆರು ಮಂದಿ ಸಹೋದ್ಯೋಗಿಗಳೊಂದಿಗೆ 1981ರ ಜುಲೈನಲ್ಲಿ ಇನ್ಫೋಸಿಸ್ ಆರಂಭಿಸಿದ್ದು ಈ ಊರಿನಲ್ಲೇ. ಸುಧಾ ಮೂರ್ತಿ ಕೊಟ್ಟ 10,000 ರೂಪಾಯಿ ಬಂಡವಾಳವಿತ್ತು, ಕಂಪ್ಯೂಟರ್ ಇರಲಿಲ್ಲ. 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂದಿದ್ದು ಮೈಕೋ ಎಂಬ ಗ್ರಾಹಕ ಸಂಸ್ಥೆಯ ಕೆಲಸಕ್ಕಾಗಿ. ಆಮದಿಗೆ ಪರವಾನಗಿ, ಮೇಲೆ ಭಾರಿ ಸುಂಕ. ಕಂಪನಿಗಳ ಪಾಡೇ ಹೀಗಿದ್ದಾಗ ಮನೆ ಬಳಕೆಗೆ ವಿದೇಶಿ ಕಂಪ್ಯೂಟರ್ ತರಿಸುವುದು ಸಾಮಾನ್ಯ ಕುಟುಂಬಗಳ ಕೈಗೆಟುಕುವ ಮಾತಾಗಿರಲಿಲ್ಲ.

1984ರ ನವೆಂಬರ್‌ನಲ್ಲಿ ರಾಜೀವ್ ಗಾಂಧಿ ಸರ್ಕಾರ ಪ್ರಕಟಿಸಿದ ಹೊಸ ಕಂಪ್ಯೂಟರ್ ನೀತಿ ಬಾಗಿಲು ಸ್ವಲ್ಪ ತೆರೆಯಿತು. ಬಿಡಿಭಾಗ ತರಿಸಿ ದೇಶದಲ್ಲೇ ಜೋಡಿಸುವುದು ಸುಲಭವಾಯಿತು. ಅದೇ ಸುಮಾರಿಗೆ 'ಕ್ಲಾಸ್' ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗಳು ಬಂದವು. ಇದನ್ನು ತಯಾರಿಸಿದ್ದು ಸಿಂಕ್ಲೇರ್ ಅವರ ಮಾಜಿ ಸಹೋದ್ಯೋಗಿ ಕ್ರಿಸ್ ಕರ್ರಿ ಕಟ್ಟಿದ ಏಕಾರ್ನ್ ಕಂಪನಿ. ಹಳೆಯ ಒಡನಾಡಿಗಳ ಪೈಪೋಟಿ ಹೀಗೆ ಭಾರತದವರೆಗೂ ಬಂತು.

ಡಿಬಿ ಸ್ಪೆಕ್ಟ್ರಮ್ ಪ್ಲಸ್ ಮಾರುಕಟ್ಟೆಗಿಳಿದದ್ದು ಈ ಬದಲಾವಣೆಯ ನಂತರ, 1980ರ ದಶಕದ ದ್ವಿತೀಯಾರ್ಧದಲ್ಲಿ. ಸಿಂಕ್ಲೇರ್ 1984ರಲ್ಲಿ ತಂದಿದ್ದ, ಗಟ್ಟಿ ಪ್ಲಾಸ್ಟಿಕ್ ಕೀಲಿಗಳ 'ಸ್ಪೆಕ್ಟ್ರಮ್ ಪ್ಲಸ್' ಮಾದರಿಯ ಪರವಾನಗಿ ಪಡೆದ ಭಾರತೀಯ ರೂಪ ಇದು. ಒಳಗೆ ಅದೇ 48 ಕಿಲೋಬೈಟ್, ಅದೇ ಬೇಸಿಕ್. ದೇಶ ಅದಕ್ಕೆ ಸಿದ್ಧವಾಗಿಯೂ ಇತ್ತು. 1982ರ ಏಷ್ಯನ್ ಕ್ರೀಡಾಕೂಟದ ವರ್ಷ ಬಣ್ಣದ ಪ್ರಸಾರ ಶುರುವಾಗಿ ಟಿವಿ ಮನೆಮನೆಗೆ ಬರುತ್ತಿತ್ತು. ಟೇಪ್‌ರೆಕಾರ್ಡರ್ ಮಧ್ಯಮ ವರ್ಗದ ಮನೆಗಳಲ್ಲಿ ಮಾಮೂಲಾಗಿತ್ತು.

ಬಾಗಿಲು ತೆರೆದದ್ದು ಸ್ವಲ್ಪವೇ ಕಾಲ

ಆದರೆ ಕಂಪ್ಯೂಟರ್ ನೀತಿಯ ಸಡಿಲಿಕೆ ಇನ್ನೊಬ್ಬ ಅತಿಥಿಯನ್ನೂ ಕರೆತಂದಿತ್ತು. ಐಬಿಎಂ ಮಾದರಿಯ ಪಿಸಿಗಳನ್ನು ದೇಶದ ಹಲವು ಕಂಪನಿಗಳು ಜೋಡಿಸತೊಡಗಿದವು. ಚೆನ್ನೈನ ಸ್ಟರ್ಲಿಂಗ್ ಕಂಪ್ಯೂಟರ್ಸ್‌ನ 'ಶಿವ ಪಿಸಿ' ಬೆಲೆ ಸಮರವನ್ನೇ ಹುಟ್ಟುಹಾಕಿತು. ಪಿಸಿ ಇನ್ನೂ ಮನೆಗೆ ದುಬಾರಿಯೇ. ಆದರೆ ಯಾವ ಕಂಪನಿಯ ಪಿಸಿ ಕೊಂಡರೂ ಅದೇ ಸಾಫ್ಟ್‌ವೇರ್ ಓಡುತ್ತಿತ್ತು, ಅದನ್ನು ಕಲಿತರೆ ಕೆಲಸ ಸಿಗುತ್ತಿತ್ತು. ಸ್ಪೆಕ್ಟ್ರಮ್‌ಗೆ ಬರೆದ ಪ್ರೋಗ್ರಾಂ ಪಿಸಿಯಲ್ಲಿ ಓಡುತ್ತಿರಲಿಲ್ಲ. ಕಂಪ್ಯೂಟರ್ ತರಬೇತಿ ಕೇಂದ್ರಗಳಿಗೆ ಶುಲ್ಕ ಕಟ್ಟುತ್ತಿದ್ದ ಪೋಷಕರ ಲೆಕ್ಕ ಸರಳವಾಗಿತ್ತು. ಆಟವಷ್ಟೇ ಬೇಕಿದ್ದವರಿಗೆ 1990ರ ದಶಕದಲ್ಲಿ ಇನ್ನೂ ಅಗ್ಗದ ಟಿವಿ ವಿಡಿಯೋ ಗೇಮ್‌ಗಳು ಬಂದವು.

ಬ್ರಿಟನ್ನಿನಲ್ಲಿ ಮನೆ ಕಂಪ್ಯೂಟರ್‌ಗೆ ಹತ್ತು ವರ್ಷ ಸಿಕ್ಕಿತ್ತು. ಭಾರತದಲ್ಲಿ ಪರವಾನಗಿ ಕಾಲ ಮುಗಿದು ಪಿಸಿ ಕಾಲ ಬರುವ ನಡುವೆ ಸಿಕ್ಕಿದ್ದು ಕೆಲವೇ ವರ್ಷ. ಹೀಗಾಗಿ ನಮ್ಮಲ್ಲಿ ಬಹುಪಾಲು ಜನ ಕಂಪ್ಯೂಟರ್ ಕಲಿತದ್ದು ಮನೆಯಲ್ಲಿ ಆಡುತ್ತಾ ಅಲ್ಲ, ತರಗತಿಯಲ್ಲಿ ಸರದಿ ಕಾಯುತ್ತಾ. ಡಿಬಿ ಸ್ಪೆಕ್ಟ್ರಮ್ ಕೊಂಡ ಮನೆಗಳ ಮಕ್ಕಳು ಇದಕ್ಕೆ ಅಪವಾದ.

ಅಟ್ಟದಲ್ಲಿ ಸ್ಪೆಕ್ಟ್ರಮ್ ಸಿಕ್ಕರೆ?

ಹಳೆಯ ಯಂತ್ರ ಮನೆಯಲ್ಲಿ ಸಿಕ್ಕರೆ ಗುಜರಿಗೆ ಹಾಕುವ ಮುನ್ನ ಯೋಚಿಸಿ. ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚಿ ಆನ್ ಮಾಡಲೂ ಬೇಡಿ. ಸ್ಪೆಕ್ಟ್ರಮ್‌ನ 9 ವೋಲ್ಟ್ ಪಿನ್‌ನಲ್ಲಿ ಒಳಭಾಗ ಮೈನಸ್, ಹೊರಭಾಗ ಪ್ಲಸ್. ಇಂದಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಇದು ತಿರುಗುಮುರುಗು. ಕೀಲಿಮಣೆಯ ಒಳಗಿನ ತೆಳು ಹಾಳೆ ಒಣಗಿ ಮುರಿದಿರುವುದು ಸಾಮಾನ್ಯ, ಅದನ್ನು ಬದಲಿಸಬಹುದು. ಕ್ಯಾಸೆಟ್‌ಗಳಿದ್ದರೆ ಮೊದಲು ಅವನ್ನು ಕಂಪ್ಯೂಟರ್‌ಗೆ ರೆಕಾರ್ಡ್ ಮಾಡಿಕೊಳ್ಳಿ. ಅವುಗಳಲ್ಲಿ ಯಾರೋ ಬಾಲ್ಯದಲ್ಲಿ ಬರೆದ ಪ್ರೋಗ್ರಾಂ ಇರಬಹುದು. ಅದಕ್ಕೆ ಬೇರೆ ಪ್ರತಿ ಇರುವುದಿಲ್ಲ.

ಕ್ಲೈವ್ ಸಿಂಕ್ಲೇರ್ 2021ರ ಸೆಪ್ಟೆಂಬರ್ 16ರಂದು 81ನೇ ವಯಸ್ಸಿನಲ್ಲಿ ನಿಧನರಾದರು. 2024ರ ನವೆಂಬರ್‌ನಲ್ಲಿ ಬ್ರಿಟನ್ನಿನ ಕಂಪನಿಯೊಂದು ರಬ್ಬರ್ ಕೀಲಿಗಳ ಸ್ಪೆಕ್ಟ್ರಮ್ ರೂಪವನ್ನು ಮತ್ತೆ ಮಾರುಕಟ್ಟೆಗೆ ತಂದಿದೆ. ಈ ಬಾರಿ ಟೇಪ್‌ರೆಕಾರ್ಡರ್ ಬೇಕಿಲ್ಲ, ಇಂದಿನ ಟಿವಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿದರಾಯಿತು.