ಲಂಡನ್–ಪ್ಯಾರಿಸ್: ದೂರವೆಷ್ಟು, ಹಾರಾಟದ ಅವಧಿಯೆಷ್ಟು?

ಬ್ರಿಟನ್ನಿನ ರಾಜಧಾನಿ ಲಂಡನ್ ಹಾಗೂ ಫ್ರಾನ್ಸಿನ ರಾಜಧಾನಿ ಪ್ಯಾರಿಸ್ ನಗರಗಳ ನಡುವಣ ನೇರ ವಾಯು ಅಂತರ ಸುಮಾರು 344 ಕಿಲೋಮೀಟರ್. ಇಂಗ್ಲಿಷ್ ಕಾಲುವೆಯು ಇವೆರಡರ ನಡುವೆ ಹಾದುಹೋಗುವುದರಿಂದ ರಸ್ತೆಯ ಮೂಲಕ ಸಾಗುವವರಿಗೆ ಈ ದೂರ 450 ಕಿಲೋಮೀಟರಿಗೂ ಮಿಗಿಲಾಗುತ್ತದೆ.

ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ಪ್ಯಾರಿಸ್ಸಿನ ಚಾರ್ಲ್ಸ್ ಡಿ ಗಾಲ್ ನಿಲ್ದಾಣಕ್ಕೆ ಹೊರಡುವ ವಿಮಾನ ಆಕಾಶದಲ್ಲಿರುವುದು ಸುಮಾರು 50 ನಿಮಿಷ ಮಾತ್ರ. ಆದರೆ ವೇಳಾಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದೂಕಾಲು ಗಂಟೆ ಅಥವಾ ತುಸು ಹೆಚ್ಚಿನ ಅವಧಿ ನಮೂದಾಗಿರುತ್ತದೆ. ವಿಮಾನವು ರನ್‌ವೇಗೆ ಸಾಗುವ, ಸರದಿಗಾಗಿ ಕಾಯುವ ಮತ್ತು ಇಳಿದ ಬಳಿಕ ತಂಗುದಾಣ ಸೇರುವ ಹೊತ್ತೂ ಅದರಲ್ಲಿ ಅಡಕವಾಗಿದೆ.

ಟಿಕೆಟ್ ಓದುವಾಗ ಗಡಿಯಾರದ ವ್ಯತ್ಯಾಸವನ್ನು ಮರೆಯಬಾರದು. ಪ್ಯಾರಿಸ್ಸಿನ ಗಡಿಯಾರ ವರ್ಷವಿಡೀ ಲಂಡನ್ನಿಗಿಂತ ಒಂದು ಗಂಟೆ ಮುಂದಿರುತ್ತದೆ. ಲಂಡನ್ನಿನಿಂದ 9 ಗಂಟೆಗೆ ಹೊರಟ ವಿಮಾನ 11.20ಕ್ಕೆ ತಲುಪುವುದೆಂದಿದ್ದರೆ ಪ್ರಯಾಣದ ಅವಧಿ 1 ಗಂಟೆ 20 ನಿಮಿಷವೇ. ಹಿಂದಿರುಗುವಾಗ 11.20ಕ್ಕೆ ಹೊರಟ ವಿಮಾನ ಲಂಡನ್ ಸಮಯ 11.40ಕ್ಕೆ ಇಳಿಯುತ್ತದೆ. ಇದನ್ನು ಗಮನಿಸದಿದ್ದರೆ ಮುಂದಿನ ವಿಮಾನ ತಪ್ಪುವ ಸಂಭವವುಂಟು.

ಈ ಮಾರ್ಗಕ್ಕೆ ಶತಮಾನದ ಇತಿಹಾಸವಿದೆ. 1919ರ ಆಗಸ್ಟ್ 25ರಂದು ಇಲ್ಲಿ ನಿತ್ಯದ ವಿಮಾನ ಸೇವೆ ಆರಂಭವಾಯಿತು. ಲಂಡನ್ನಿನ ಹೌನ್ಸ್ಲೋ ಹೀತ್‌ನಿಂದ ಪ್ಯಾರಿಸ್ ಸಮೀಪದ ಲೆ ಬೂರ್ಜೆಗೆ ಅಂದು ಸುಮಾರು ಎರಡೂವರೆ ಗಂಟೆ ಹಿಡಿಯಿತು. ಇಂದು ಅದಕ್ಕಿಂತ ಬೇಗನೆ ತಲುಪಿಸುವುದು ರೈಲು! 1994ರಲ್ಲಿ ತೆರೆದ, ಸುಮಾರು 50 ಕಿಲೋಮೀಟರ್ ಉದ್ದದ ಚಾನೆಲ್ ಸುರಂಗದ ಮೂಲಕ ಸಾಗುವ ಯೂರೋಸ್ಟಾರ್ ರೈಲು ಗಂಟೆಗೆ 300 ಕಿಲೋಮೀಟರ್ ವೇಗ ಮುಟ್ಟುತ್ತದೆ. ಸೇಂಟ್ ಪ್ಯಾಂಕ್ರಾಸ್‌ನಿಂದ ಗಾರ್ ದ್ಯು ನಾರ್ ನಿಲ್ದಾಣಕ್ಕೆ ಸುಮಾರು 2 ಗಂಟೆ 20 ನಿಮಿಷ.

ಹಾಗಾದರೆ ಯಾವುದು ಲೇಸು? ಎರಡೂ ವಿಮಾನ ನಿಲ್ದಾಣಗಳು ನಗರ ಮಧ್ಯದಿಂದ 20 ಕಿಲೋಮೀಟರಿಗೂ ಆಚೆಗಿವೆ. ಅಲ್ಲಿಗೆ ಹೋಗಿಬರುವ ಹಾಗೂ ತಪಾಸಣೆಯ ಹೊತ್ತನ್ನು ಕೂಡಿಸಿದರೆ ವಿಮಾನ ಪ್ರಯಾಣ ಐದು ಗಂಟೆಯಷ್ಟಾದೀತು. ರೈಲಿಗೂ ಒಂದು ಗಂಟೆಗೆ ಮುಂಚಿತವಾಗಿಯೇ ತಲುಪಬೇಕಾದರೂ ಅದು ನಗರದ ನಡುವಿನಿಂದ ನಗರದ ನಡುವಿಗೇ ಒಯ್ಯುತ್ತದೆ. ನಗರದಲ್ಲೇ ತಂಗುವವರಿಗೆ ರೈಲು, ವಿಮಾನ ನಿಲ್ದಾಣದಿಂದಲೇ ಬೇರೆಡೆಗೆ ಸಾಗುವವರಿಗೆ ವಿಮಾನ ಅನುಕೂಲ.

ಭಾರತೀಯ ಪ್ರವಾಸಿಗರಿಗೆ ಇನ್ನೊಂದು ಮಾತು. ದೂರ ಅಲ್ಪವಾದರೂ ನಡುವೆ ದೇಶದ ಗಡಿಯಿದೆ. ಬ್ರಿಟನ್ ವೀಸಾ ಫ್ರಾನ್ಸಿಗೆ ಸಲ್ಲದು. ಅಲ್ಲಿಗೆ ಷೆಂಗೆನ್ ವೀಸಾ ಬೇಕು. ಒಂದೇ ಬಾರಿಯ ಪ್ರವೇಶದ ಷೆಂಗೆನ್ ವೀಸಾ ಪಡೆದು ಪ್ಯಾರಿಸ್ ನೋಡಿ ಲಂಡನ್ನಿಗೆ ಹೋದವರು ಅದೇ ವೀಸಾದಲ್ಲಿ ಮರಳಿ ಪ್ಯಾರಿಸ್ಸಿಗೆ ಬರಲಾಗದು. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ ವೀಸಾದಲ್ಲಿ ನಮೂದಾದ ಪ್ರವೇಶಗಳ ಸಂಖ್ಯೆಯನ್ನು ನೋಡಿಕೊಳ್ಳುವುದು ಒಳಿತು.